ಐದು ವರ್ಷದ ಶ್ರೀಮಂತರು

ಮಲ್ಲೇನಹಳ್ಳಿ, ಹಳೇಕೋಟೆ ಹೋಬಳಿ
೧೬ ನವೆಂಬರ್ ೨೦೨೫, ಭಾನುವಾರ ಬೆಳಗ್ಗೆ

ನನ್ನ ಮುದ್ದು ಮಾನಸಾ,

ಜ್ವರ ಪೂರ್ತಿ ಬಿಟ್ಟಿತಾ? ಅಮ್ಮನಿಗೆ ಫೋನಿನಲ್ಲಿ ಹೇಳುವ ಹಾಗೆ ನನಗೂ ‘ಆರಾಮಾಗಿದೀನಿ’ ಅನ್ನಬೇಡ, ನಿನ್ನ ಗಂಟಲು ಕೇಳಿದರೆ ಗೊತ್ತಾಗುತ್ತದೆ. ಧಾರವಾಡದಲ್ಲಿ ಚಳಿ ಶುರುವಾಗಿರಬೇಕು. ಸ್ವೆಟರನ್ನು ರೂಮಿನವಳಿಗೆ ಕೊಟ್ಟು ಕೂತಿದ್ದೀಯೆ ಅಂತ ನನಗೆ ಗೊತ್ತು, ಅಮ್ಮನಿಗೆ ಹೇಳಿಲ್ಲ, ಮರ್ಯಾದೆಯಾಗಿ ವಾಪಸು ಇಸ್ಕೋ. ಮೆಸ್ಸಿನ ಸಾರು ಸೇರದಿದ್ದರೆ ಮೊಸರಾದರೂ ತೆಗೆದುಕೋ. ಇಲ್ಲಿ ಅಪ್ಪನ ಮೊಣಕಾಲುನೋವು ಇದ್ದ ಹಾಗೇ ಇದೆ, ಆದರೂ ದಿನಾ ಹೊಳೆನರಸೀಪುರಕ್ಕೆ ಹೋಗಿ ಮಂಡಿಯಲ್ಲಿ ತೂಕ ಹಾಕಿ ಬರುತ್ತಾರೆ. ಅಮ್ಮ ಸೀರೆಗೆ ಫಾಲ್ಸ್ ಹಾಕಿ ಹಾಕಿ ಕಣ್ಣು ಕೆಂಪು ಮಾಡಿಕೊಂಡಿದ್ದಾಳೆ, ಕನ್ನಡಕ ಮಾಡಿಸು ಅಂದರೆ ‘ಮುದುಕಿ ಥರ ಕಾಣ್ತೀನಿ ಬಿಡು’ ಅನ್ನುತ್ತಾಳೆ. ನನಗೆ ಶಾಲೆಯಲ್ಲಿ ಅರ್ಧವಾರ್ಷಿಕದ ಪೇಪರ್ ಕಟ್ಟು ಇನ್ನೂ ತೀರಿಲ್ಲ. ಅಜ್ಜ ಇದ್ದಾರೆ. ಅವರ ವಿಷಯ ಆಮೇಲೆ ಬರೆಯುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಅಂದುಕೊಳ್ಳುತ್ತೀಯೇನೋ. ಈ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಬಚ್ಚಲಿನಲ್ಲಿರುವವರಿಗೂ ಕೇಳಿಸುತ್ತದೆ. ಹೇಗೂ ಆದಾಯ ಪ್ರಮಾಣಪತ್ರದ ಮೂಲಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಲೇಬೇಕು, ಅದರ ಜೊತೆ ಇದೂ ಹೋಗಲಿ ಅಂತ ಕೂತಿದ್ದೇನೆ. ಹೌದು ಕಣೇ, ಬಂತು! ನಿನ್ನೆ ಸಂಜೆ ಬಂತು. ನಂಬರನ್ನು ಆಗಲೇ ಮೆಸೇಜ್ ಮಾಡಿದ್ದೇನೆ, ಶುಕ್ರವಾರ ಕೊನೆಯ ದಿನ ಅಂತ ಶುಕ್ರವಾರದವರೆಗೆ ಕೂರಬೇಡ, ಆ ಪೋರ್ಟಲ್ಲು ಕೊನೆಯ ದಿನ ಯಾವತ್ತೂ ತೆರೆಯುವುದಿಲ್ಲ. ಕಾಗದ ಕೈಸೇರಿದ ದಿನವೇ ಯೂನಿವರ್ಸಿಟಿಯ ಸ್ಕಾಲರ್‌ಶಿಪ್ ವಿಭಾಗಕ್ಕೆ ಮೂಲಪ್ರತಿ ತೋರಿಸು. ಮತ್ತೆ ಕಳೆದ ವಾರ ಫೋನಿನಲ್ಲಿ ಅತ್ತುಕೊಂಡು ಹೇಳಿದೆಯಲ್ಲ, ‘ಎಮ್ಮೆಸ್ಸಿ ಬಿಟ್ಟು ಬಂದ್ಬಿಡ್ತೀನಿ ಅಕ್ಕ, ಹಾಸನದಲ್ಲಿ ಗಾರ್ಮೆಂಟ್ಸ್‌ಗೆ ಸೇರ್ತೀನಿ’ ಅಂತ, ಆ ಮಾತನ್ನು ಇನ್ನೊಂದು ಸಲ ಆಡಿದರೆ ನಾನೇ ಧಾರವಾಡಕ್ಕೆ ಬಂದು ಎರಡು ಬಿಗಿಯುತ್ತೇನೆ. ಸ್ಕಾಲರ್‌ಶಿಪ್ ಇಲ್ಲದೆ ಹಾಸ್ಟೆಲ್ ಇಲ್ಲ, ಹಾಸ್ಟೆಲ್ ಇಲ್ಲದೆ ಓದಿಲ್ಲ ಅಂತ ನನಗೂ ಗೊತ್ತು. ಅದಕ್ಕೇ ಇಷ್ಟೆಲ್ಲ ಆದದ್ದು.

‘ಆಫೀಸಿನಲ್ಲೇನೋ ತಪ್ಪಾಗಿದೆ’ ಅಂತ ನಿನಗೆ ಹೇಳಿದ್ದೆವಲ್ಲ, ಅದು ಸುಳ್ಳು. ಆಫೀಸಿನವರು ಏನೂ ತಪ್ಪು ಮಾಡಿರಲಿಲ್ಲ. ಮಾಡಿದ್ದೆಲ್ಲ ನಮ್ಮ ಊರಿನವರೇ, ಅದೂ ಪ್ರೀತಿಯಿಂದ. ಆಗಸ್ಟಿನಲ್ಲಿ ನಾವು ಅರ್ಜಿ ಹಾಕಿದ ಮೇಲೆ ಒಂದು ದಿನ ನಾನು ಶಾಲೆಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಪಕ್ಕದ ಮನೆಯ ಕಲ್ಲಮ್ಮಕ್ಕ ಓಡಿಬಂದು ನನ್ನ ಗಲ್ಲ ಹಿಡಿದು ‘ಬಂದಿದ್ದ ಕಣವ್ವ, ಹುಡುಗನೇ ಬಂದಿದ್ದ, ಬೈಕಲ್ಲಿ ಬಂದ್ಬುಟ್ಟಿದ್ದ! ಏನ್ ಲಕ್ಷಣವಾಗವ್ನೆ ಅಂತೀಯಾ’ ಅಂದಳು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾರೋ ಒಬ್ಬ ಹುಡುಗ ಜೀನ್ಸ್ ಪ್ಯಾಂಟು ಹಾಕಿಕೊಂಡು ಬಂದಿದ್ದನಂತೆ, ಅಜ್ಜನ ಹೆಸರು ಹಿಡಿದು ಷಡಕ್ಷರಪ್ಪನವರ ಮನೆ ಹೇಗೆ, ಜಮೀನೆಷ್ಟು, ವರ್ಷಕ್ಕೆ ವರಮಾನ ಎಷ್ಟಾಗಬಹುದು ಅಂತ ಕೇಳಿದನಂತೆ. ನಮ್ಮ ಊರಿನಲ್ಲಿ ಮದುವೆಗೆ ಬಂದ ಹೆಣ್ಣಿರುವ ಮನೆಯ ಬಗ್ಗೆ ಹೊಸಬ ಒಬ್ಬ ಇಂಥ ಪ್ರಶ್ನೆ ಕೇಳಿದರೆ ಏನರ್ಥ ಹೇಳು. ಸಂಬಂಧಕ್ಕೆ ಮನೆ ವಿಚಾರಿಸಲು ಬಂದವರ ಹತ್ತಿರ ಯಾರೂ ಕೊಂಕು ಮಾತಾಡಬಾರದು, ಮಾತಾಡಿದರೆ ಮದುವೆ ಮುರಿದ ಪಾಪ ಸುತ್ತಿಕೊಳ್ಳುತ್ತದೆ. ಹೋದ ವರ್ಷ ಕಲ್ಲಮ್ಮಕ್ಕನ ನಾದಿನಿಯನ್ನು ನೋಡಲು ಬಂದವರ ಹತ್ತಿರ ನಮ್ಮಮ್ಮನೂ ಹೀಗೇ ಬುರುಡೆ ಬಿಟ್ಟಿರಲಿಲ್ಲವೇ! ಸರಿ, ಇವರೆಲ್ಲ ಸೇರಿ ಋಣ ತೀರಿಸಿದರು. ಕಲ್ಲಮ್ಮಕ್ಕ ಅವನನ್ನು ಕೂರಿಸಿ ರವೆಉಂಡೆ ಕೊಟ್ಟು ತನ್ನ ಸೀಮೆಹಸುಗಳನ್ನು ತೋರಿಸಿ ‘ಅವೆಲ್ಲಾ ಅವ್ರವೇಯ, ನಾವು ಮೇಯಿಸ್ತೀವಿ ಅಷ್ಟೇಯ’ ಅಂದಳಂತೆ. ಅವಳ ಗಂಡ ಮರಿಯಣ್ಣ, ನಮ್ಮ ಮನೆ ಮುಂದೆ ನಿಲ್ಲಿಸಿದ್ದ ತನ್ನ ಟ್ರ್ಯಾಕ್ಟರನ್ನೂ ನಮಗೇ ಧಾರೆ ಎರೆದುಬಿಟ್ಟ. ಅಜ್ಜನ ಗೆಳೆಯ ಚಲುವಯ್ಯ ತಾತ ‘ಮಂಡಿ ಒಂದರಿಂದಲೇ ಏನ್ ಕಮ್ಮಿ ಅಂದ್ರೂ ಐದು ಲಕ್ಸ ಬತ್ತದೆ ಕಣಪ್ಪ’ ಅಂದರಂತೆ. ಇದನ್ನೆಲ್ಲ ಕೇಳಿ ನಾನು, ನಿನ್ನ ಬುದ್ಧಿವಂತ ಅಕ್ಕ, ಆ ರಾತ್ರಿ ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಂಡು ತೊಳೆದೆ. ನಗಬೇಡ.

ಹದಿನೈದು ದಿನ ಕಳೆದ ಮೇಲೆ ಪ್ರಮಾಣಪತ್ರ ಬಂತು. ವಾರ್ಷಿಕ ಆದಾಯ ಏಳು ಲಕ್ಷ. ನಿನ್ನ ಅರ್ಜಿಯನ್ನು ಪೋರ್ಟಲ್ಲು ಒಂದೇ ಕ್ಷಣದಲ್ಲಿ ‘ಅರ್ಹರಲ್ಲ’ ಅಂತ ಹೊರಗೆ ಹಾಕಿತು. ನಾನು ಶಾಲೆಗೆ ರಜೆ ಹಾಕಿ ಹಳೇಕೋಟೆಯ ನಾಡಕಚೇರಿಗೆ ಹೋದೆ, ಹೋಗುವಾಗ ಬಸ್ಸಿನಲ್ಲಿ ಬೈಗುಳ ಜೋಡಿಸಿಕೊಂಡೇ ಹೋದೆ. ಅಲ್ಲಿ ಮೇಜಿನ ಹಿಂದೆ ಯಾರು ಕೂತಿದ್ದರು ಅಂತೀಯೆ? ನಮ್ಮ ‘ಹುಡುಗ’! ವಿಜಯಪುರದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಗ್ರಾಮ ಲೆಕ್ಕಿಗ. ಆದಾಯದ ಸ್ಥಳ ಪರಿಶೀಲನೆಗೆ ಬಂದಿದ್ದನಂತೆ. ಕಲ್ಲಮ್ಮಕ್ಕ ಹೇಳಿದ ಲಕ್ಷಣವೆಲ್ಲ ಅಲ್ಲೇ ಇತ್ತು, ಕೆನ್ನೆಯ ಗುಳಿ ಕೂಡ. ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಅವನು ಪಾಪ ಮರ್ಯಾದೆಯಿಂದಲೇ ಮಾತಾಡಿದ. ‘ನಾ ಏನ್ ಮಾಡ್ಲಿ ಹೇಳ್ರಿ ಮೇಡಂ, ಮಂದಿ ಹೇಳಿದ್ದು ಬರಕೊಂಡೀನಿ. ನಿಮ್ಮೂರಾಗ ಹೊಟ್ಟೆಕಿಚ್ಚಿಲ್ಲದ ಮಂದಿ ಅದಾರ್ರೀ, ಇನ್ನೊಬ್ರ ಆಸ್ತಿ ಇಷ್ಟು ಖುಷಿಲೇ ಹೇಳಿದ್ದು ನಾ ಎಲ್ಲೂ ಕಂಡಿಲ್ಲ’ ಅಂದ. ಇನ್ನೊಂದು ಅರ್ಜಿ ಹಾಕುತ್ತೇನೆ ಅಂದರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು. ಅಂದರೆ ಐದು ವರ್ಷ ನಾವು ಶ್ರೀಮಂತರೇ, ಸಾಯುವ ಹಾಗೂ ಇಲ್ಲ ಬಡವರಾಗುವ ಹಾಗೂ ಇಲ್ಲ.

ಆಮೇಲೆ ಶುರುವಾಯಿತು ನೋಡು ಅಲೆದಾಟ. ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಹಾಸನಕ್ಕೆ ಹೋಗಿ ಅಂದರು. ಅಪ್ಪ ಮಂಡಿಯ ಕೆಲಸ ಬಿಟ್ಟು ನನ್ನ ಜೊತೆ ಹಾಸನಕ್ಕೆ ಬಂದರು. ಅಲ್ಲಿ ಮೇಲ್ಮನವಿ ಹಾಕಬಹುದು, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕಿಂತ ತಹಶೀಲ್ದಾರರೇ ಹೊಸದಾಗಿ ಮಹಜರು ಮಾಡಿಸಿ ಹಳೆಯದನ್ನು ರದ್ದು ಮಾಡಬಹುದಲ್ಲ ಅಂದರು. ಮತ್ತೆ ಹೊಳೆನರಸೀಪುರ. ಒಂದು ಕಡೆ ಊಟದ ಹೊತ್ತು, ಇನ್ನೊಂದು ಕಡೆ ಸರ್ವರ್ ಇಲ್ಲ, ಮತ್ತೊಂದು ಕಡೆ ಸಾಹೇಬರು ಮೀಟಿಂಗು. ಕೊನೆಗೂ ತಹಶೀಲ್ದಾರರು ಹೊಸ ಮಹಜರಿಗೆ ಒಪ್ಪಿ ಲೆಕ್ಕಿಗನಿಗೆ ಬರೆದರು. ಯಾರೂ ನಮಗೆ ಕೆಟ್ಟದಾಗಿ ಮಾತಾಡಲಿಲ್ಲ, ಅದೇ ಬೇಜಾರು, ಬೈಯಲು ಒಬ್ಬರೂ ಸಿಗಲಿಲ್ಲ. ಬಡವರಾಗಿರುವುದು ಸುಲಭ ಮಾನಸಾ, ಹುಟ್ಟಿದ್ದೇ ಹಾಗೆ. ಬಡವರು ಅಂತ ಸಾಬೀತು ಮಾಡುವುದಿದೆಯಲ್ಲ, ಅದಕ್ಕೆ ಮೂರು ಊರಿನ ಬಸ್ಸು ಚಾರ್ಜು ಇರುವಷ್ಟು ಶ್ರೀಮಂತರಾಗಿರಬೇಕು. ಅಪ್ಪ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಾಲು ನೀವಿಕೊಳ್ಳುತ್ತಾ ‘ನಾವ್ ಏನ್ ಪಾಪ ಮಾಡಿದ್ವು ಅಂತ ಏಳು ಲಕ್ಷ ಬಂತೋ’ ಅಂದರು. ನಾನು ಅಲ್ಲೇ ನಕ್ಕುಬಿಟ್ಟೆ. ಅವರಿಗೆ ಕೋಪ ಬಂತು, ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತರು.

ಈ ಗಲಾಟೆಯಲ್ಲಿ ಖುಷಿಯಾಗಿದ್ದವರು ಅಜ್ಜ ಒಬ್ಬರೇ. ಅವರು ಆ ಏಳು ಲಕ್ಷದ ಪತ್ರವನ್ನು ಹೊಳೆನರಸೀಪುರದಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದು ನಡುಮನೆಯಲ್ಲಿ ಬಸವಣ್ಣನವರ ಫೋಟೋ ಪಕ್ಕ ನೇತುಹಾಕಿದರು! ‘ಸರ್ಕಾರವೇ ಒಪ್ಪಿಕೊಂಡದೆ, ನೀವ್ಯಾಕೆ ಇಲ್ಲ ಅಂತೀರಿ’ ಅಂತ ಅಪ್ಪನ ಮೇಲೆ ರೇಗಿದರು. ಅವರ ಲೆಕ್ಕ ಬೇರೆ ಇತ್ತು. ಅದೇ ಹೊತ್ತಿಗೆ ಚನ್ನರಾಯಪಟ್ಟಣದ ಸಂಬಂಧ ಕೂಡಿಬರುತ್ತಿತ್ತಲ್ಲ. ಅರಕಲಗೂಡಿನ ಸ್ವರ್ಣಲತಾ ಚಿಕ್ಕಮ್ಮನ ಮನೆಯಲ್ಲೇ ಹೆಣ್ಣು ನೋಡುವ ಶಾಸ್ತ್ರ ಮುಗಿದದ್ದರಿಂದ ಅವರು ನಮ್ಮ ಮನೆಯನ್ನಿನ್ನೂ ನೋಡಿರಲಿಲ್ಲ. ಮನೆ ನೋಡಲು ಬಂದವರಿಗೆ ಆ ಪತ್ರ ಕಾಣಬೇಕು ಅಂತ ಅಜ್ಜನ ಆಸೆ. ‘ಪ್ರತಿಭಾದು ಒಂದು ನಿಶ್ಚಯ ಆಗೋಗ್ಲಿ, ಒಂದೇ ಒಂದು ತಿಂಗಳು ತಡ್ಕಳಿ, ಆಮೇಲೆ ಎಷ್ಟು ಬೇಕೋ ಅಷ್ಟು ಬಡವರಾಗಿ’ ಅಂದರು. ನಿನ್ನ ಕೊನೆಯ ದಿನ ಒಂದು ತಿಂಗಳು ತಡೆಯುವುದಿಲ್ಲ ಅಂದೆ. ಬೆನ್ನು ತಿರುಗಿಸಿ ಮಲಗಿಕೊಂಡರು.

ಆ ಸಂಬಂಧದ ಬಗ್ಗೆ ನಿನಗೆ ಫೋನಿನಲ್ಲಿ ‘ಪರವಾಗಿಲ್ಲ ಕಣೆ, ನೋಡೋಣ’ ಅಂತ ಹಾರಿಸಿದ್ದೆ. ಈಗ ನಿಜ ಹೇಳುತ್ತೇನೆ, ನನಗೆ ರಜನೀಶ್ ಇಷ್ಟವಾದ. ಅವರದು ಪಶುಆಹಾರದ ಅಂಗಡಿ, ಅವನೇ ನೋಡಿಕೊಳ್ಳುತ್ತಾನೆ. ಇದಕ್ಕೆ ಮುಂಚೆ ಬಂದವರೆಲ್ಲ ನನ್ನ ಸಂಬಳ ಕೇಳಿದರು, ಎತ್ತರ ಕೇಳಿದರು, ಹಾಡು ಬರುತ್ತದಾ ಅಂತ ಕೇಳಿದರು. ಇವನು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ‘ನಿಮ್ಮ ತಂಗಿ ಎಮ್ಮೆಸ್ಸೀಲಿ ಏನ್ ಓದ್ತಿದಾರೆ?’ ಅಂತ ಕೇಳಿದ. ಕೆಮಿಸ್ಟ್ರಿ ಅಂದೆ. ‘ನಾನು ಅದ್ರಲ್ಲೇ ಪಿಯುಸಿ ಫೇಲಾಗಿದ್ದು’ ಅಂತ ನಕ್ಕ. ಆಮೇಲೆ ಎರಡು ಸಲ ಫೋನ್ ಮಾಡಿದ. ಮಾತು ಮುಗಿದ ಮೇಲೂ ನಾನು ಫೋನ್ ಹಿಡಿದುಕೊಂಡೇ ಕೂತಿದ್ದೆ ಅಂದರೆ ನಿನಗೇ ಅರ್ಥವಾಗುತ್ತದೆ. ಹಾಗಾಗಿ ಅಜ್ಜ ಒಂದು ತಿಂಗಳು ತಡಿ ಅಂದಾಗ ನನ್ನ ಮನಸ್ಸು ಸ್ವಲ್ಪವೂ ಅಲುಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ದಿನ ನಾನೂ ಸುಮ್ಮನಿದ್ದೆ. ಮೂರನೆಯ ದಿನ ನಿನ್ನ ಫೋನ್ ಬಂತು, ಗಾರ್ಮೆಂಟ್ಸ್ ಅಂದೆಯಲ್ಲ ಅದು. ಅವತ್ತೇ ಸಂಜೆ ಲೆಕ್ಕಿಗನಿಗೆ ಫೋನ್ ಮಾಡಿ ಬುಧವಾರ ಮಹಜರಿಗೆ ಬನ್ನಿ ಅಂತ ಹೇಳಿದೆ.

ಮಹಜರಿಗೆ ಅಕ್ಕಪಕ್ಕದವರು ಬಂದು ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ, ಅವರನ್ನು ಒಪ್ಪಿಸುವುದಿದೆಯಲ್ಲ, ಅಬ್ಬಾ! ಬಾಗಿಲು ಬಾಗಿಲಿಗೆ ಹೋಗಿ ನಮ್ಮ ಮನೆಯಲ್ಲಿ ಏನೂ ಇಲ್ಲ ಅಂತ ದಯವಿಟ್ಟು ಹೇಳಿ ಅಂತ ಬೇಡಿದೆ. ಮರಿಯಣ್ಣ ‘ಥೂ ಥೂ, ಬಿಡ್ತು ಅನ್ನವ್ವ, ಚನ್ರಾಯಪಟ್ಣದವ್ರು ಬರೋ ಹೊತ್ನಲ್ಲಿ ನನ್ ಬಾಯಲ್ಲಿ ಅಂಥ ಮಾತಾ’ ಅಂದ. ಕಲ್ಲಮ್ಮಕ್ಕ ‘ನಮ್ಮನೆ ಹೆಣ್ಗೆ ನಿಮ್ಮವ್ವ ಒಳ್ಳೇದ್ ಹೇಳಿದ್ಲು, ನಾನು ಕೆಟ್ಟದ್ ಹೇಳಾನಾ, ಬಾಯಲ್ಲಿ ಉಳ ಬೀಳ್ತವೆ’ ಅಂತ ಕಣ್ಣಿಗೆ ಸೆರಗು ಹಚ್ಚಿದಳು. ಅದು ಹುಡುಗನ ಕಡೆಯವರಿಗಲ್ಲ, ಸರ್ಕಾರಕ್ಕೆ, ಮಾನಸಾಳ ಓದಿಗೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಕೊನೆಗೆ ನನಗೂ ಸಿಟ್ಟು ಬಂದು, ನೀವು ಸುಳ್ಳು ಹೇಳಿ ಅವಳ ಓದು ಕಿತ್ತಿರಿ, ಈಗ ನಿಜ ಹೇಳಿ ಕೊಡಿಸಿ ಅಂತ ಕೂಗಿಬಿಟ್ಟೆ. ಅವರು ತಲೆ ತಗ್ಗಿಸಿದರು. ನನಗೆ ಆ ಕ್ಷಣದಲ್ಲೇ ಪಾಪ ಅನ್ನಿಸಿತು, ಆದರೆ ಕ್ಷಮಿಸಿ ಅನ್ನುವಷ್ಟು ಶಕ್ತಿ ಉಳಿದಿರಲಿಲ್ಲ.

ಬುಧವಾರ ಲೆಕ್ಕಿಗ ಬಂದು ನಮ್ಮ ಜಗಲಿಯಲ್ಲಿ ಕೂತ. ಅಜ್ಜ ಒಳಗೆ ನಡುಮನೆಯಲ್ಲಿದ್ದರು, ಬಾಗಿಲು ಅರ್ಧ ತೆರೆದಿತ್ತು. ನಾನು ಅಂದುಕೊಂಡಿದ್ದೆ, ಇವರೆಲ್ಲ ‘ಬಡವರು ಸಾ’ ಅಂತ ಒಂದು ಮಾತು ಹೇಳಿ ಸಹಿ ಹಾಕಿ ಎದ್ದು ಹೋಗುತ್ತಾರೆ ಅಂತ. ಹಾಗಾಗಲಿಲ್ಲ ಕಣೆ. ನಿಜ ಹೇಳಬೇಕು ಅಂತ ಒಮ್ಮೆ ಒಪ್ಪಿಕೊಂಡ ಮೇಲೆ ಅವರು ಪೂರ್ತಿ ನಿಜ ಹೇಳಿದರು. ಮರಿಯಣ್ಣ ‘ಟ್ರ್ಯಾಕ್ಟ್ರು ನಂದು ಸಾ, ನಮ್ಮನೆ ಗಲ್ಲಿ ಇಕ್ಕಟ್ಟು ಅಂತ ಇಲ್ಲಿ ನಿಲ್ಲುಸ್ತೀನಿ. ಇವ್ರ ಜಮೀನು ಒಂದೆಕ್ರೆ ರಾಗಿ, ಅದ್ನೂ ನಾನೇ ಉತ್ತುಕೊಡ್ತೀನಿ, ದುಡ್ಡು ಕೇಳಾಕಿಲ್ಲ’ ಅಂದ. ಕಲ್ಲಮ್ಮಕ್ಕ ಅಳುತ್ತಲೇ ‘ಇವಳವ್ವ ನೀಲಮ್ಮ ತಿಂಗಳ ಕೊನೇಲಿ ಸೇರಕ್ಕಿ ಇಸ್ಕಂಡೋಗಿ ಒಂದನೇ ತಾರೀಕು ತಲೆ ಮ್ಯಾಗೆ ಒಡೆದಂಗೆ ತಂದಾಕ್ತಾಳೆ ಸಾ. ಹಾಲು ಬ್ಯಾಡ ಅಂತಾಳೆ, ನಮ್ಮನೇಲಿ ಯಾರಿಗೂ ಸೇರಲ್ಲ ಅಂತಾಳೆ. ಈ ಎಣ್ಮಕ್ಳಿಗೆ ಹಾಲು ಅಂದ್ರೆ ಪ್ರಾಣ ಅಂತ ನಂಗ್ ಗೊತ್ತಿಲ್ವಾ’ ಅಂದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಎಲ್ಲವನ್ನೂ ಮುಚ್ಚಿಟ್ಟಿದ್ದೇವೆ ಅಂದುಕೊಂಡಿದ್ದೆವಲ್ಲ ಮಾನಸಾ, ಊರಿಗೆ ಊರೇ ತಿಳಿದುಕೊಂಡು ಸುಮ್ಮನಿತ್ತು.

ಕೊನೆಗೆ ಲೆಕ್ಕಿಗ ಮಂಡಿಯ ವಿಷಯ ಕೇಳಿದ. ಕೊರೊನಾದ ವರ್ಷ ಅಜ್ಜ ಮಂಡಿ ಮುಚ್ಚಿದ್ದು ಊರಿಗೆ ಗೊತ್ತಾಗಬಾರದು ಅಂತ ನಾವು ನಾಲ್ಕು ಜನ ಇಷ್ಟು ವರ್ಷ ಎಷ್ಟು ಜೋಪಾನ ಮಾಡಿದ್ದೆವು! ಅಪ್ಪ ಬೇರೆಯವರ ಮಂಡಿಯಲ್ಲಿ ಕೂಲಿ ಮಾಡುವುದನ್ನು ‘ನಮ್ಮ ಮಂಡಿ’ ಅಂತಲೇ ಹೇಳಿಕೊಂಡು ಬಂದೆವು. ಚಲುವಯ್ಯ ತಾತ ನೆಲ ನೋಡಿಕೊಂಡು ಹೇಳಿದರು, ‘ಮಂಡಿ ಇಲ್ಲ ಸಾ. ಮುಚ್ಚೋಗದೆ. ಇವ್ರಜ್ಜ ದಿನಾ ಇಸ್ತ್ರಿ ಶರ್ಟ್ ಹಾಕ್ಕಂಡು ಬಸ್ ಅತ್ತಿ ಹೊಳೆನರ್ಸೀಪುರಕ್ಕೆ ಓಯ್ತಾರೆ. ಬಸ್‌ಸ್ಟ್ಯಾಂಡಲ್ಲಿ ಪೇಪರ್ ಓದ್ಕಂಡು ಕೂತಿರ್ತಾರೆ, ನಾನೇ ಕಂಡಿವ್ನಿ. ವಾಪಸ್ ಬಂದಾಗ ನಾವೆಲ್ಲ ವ್ಯಾಪಾರ ಎಂಗಿತ್ತು ಅಯ್ಯ ಅಂತ ಕೇಳ್ತೀವಿ. ಪರವಾಗಿಲ್ಲ ಕಣಯ್ಯ ಅಂತಾರೆ. ಕೇಳ್ದಿದ್ರೆ ನೊಂದ್ಕತಾರೆ ಅಂತ ಕೇಳ್ತೀವಿ ಸಾ, ಅಷ್ಟೇಯ.’ ಲೆಕ್ಕಿಗ ಪೆನ್ನು ಕೆಳಗಿಟ್ಟ. ಅಷ್ಟರಲ್ಲಿ ಅಜ್ಜ ಎದ್ದು ಬಾಗಿಲಿಗೆ ಬಂದರು. ಇಸ್ತ್ರಿ ಮಾಡಿದ ಶರ್ಟಿನಲ್ಲೇ ಇದ್ದರು. ಯಾರ ಮುಖವನ್ನೂ ನೋಡದೆ ‘ಬರ್ಕಳಪ್ಪ. ನಿಜವೇ’ ಅಂದರು. ಆಮೇಲೆ ನನ್ನ ಕಡೆ ತಿರುಗಿ ‘ಎಲ್ಲರಿಗೂ ಕಾಫಿ ಕೊಡವ್ವ’ ಅಂದು ಒಳಗೆ ಹೋದರು. ನಿನ್ನ ಓದು ಉಳಿಸಲು ಅಜ್ಜನನ್ನು ಬೀದಿಗೆ ನಿಲ್ಲಿಸಿದೆನಲ್ಲ ಅಂತ ಬಚ್ಚಲಿಗೆ ಹೋಗಿ ಅತ್ತೆ.

ಎಲ್ಲ ಕೂಡಿದರೂ, ನನ್ನ ಸಂಬಳ ಸೇರಿಸಿದರೂ, ನಮ್ಮ ಆದಾಯ ನಿನ್ನ ಮಿತಿಯೊಳಗೇ ಬಂತು. ಹೊರಡುವಾಗ ಲೆಕ್ಕಿಗ ಜಗಲಿಯಲ್ಲಿದ್ದವರಿಗೆ ಹೇಳಿಹೋದ, ‘ಒಮ್ಮೆ ಏಳು ಲಕ್ಷ, ಈಗ ಇಷ್ಟು ಕಡಿಮಿ ಅಂದ್ರ ಮ್ಯಾಲಿನವ್ರು ನನ್ನ ಕೇಳ್ತಾರ್ರೀ. ಯಾರಾದ್ರೂ ಪರಿಶೀಲನೆಗೆ ಬರಬಹುದು, ಬಂದ್ರ ಇದನ್ನೇ ಹೇಳ್ರಿ, ಮತ್ತ ತಿರುಗಿಸಬ್ಯಾಡ್ರಿ.’ ಎಲ್ಲರೂ ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದರು.

ಅವತ್ತಿನಿಂದ ಅಜ್ಜ ಹೊಳೆನರಸೀಪುರಕ್ಕೆ ಹೋಗಿಲ್ಲ. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟು ಲಿಂಗಪೂಜೆ ಮುಗಿಸಿ ಬನಿಯನ್ನಿನಲ್ಲೇ ಕೂರುತ್ತಾರೆ. ಬಸ್ಸು ಬರುತ್ತದೆ, ಹಾರನ್ ಹೊಡೆಯುತ್ತದೆ, ಹೋಗುತ್ತದೆ. ಚಲುವಯ್ಯ ತಾತ ಒಂದೆರಡು ಸಲ ಬಂದು ಜಗಲಿಯಲ್ಲಿ ಕೂತರು, ಇಬ್ಬರೂ ಮಳೆ ಬರುತ್ತದೋ ಇಲ್ಲವೋ ಅಂತ ಮಾತಾಡಿದರು. ನನ್ನ ಮೇಲೆ ಕೋಪ ಇದ್ದ ಹಾಗೆ ಕಾಣುವುದಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ‘ಮಾನಸಾಗೆ ಸ್ಕಾಲರ್‌ಶಿಪ್ ಬರ್ತದಾ?’ ಅಂತ ದಿನಾ ಒಂದೇ ಪ್ರಶ್ನೆ. ಬರುತ್ತದೆ ಅಜ್ಜ ಅನ್ನುತ್ತೇನೆ. ‘ಪ್ರತಿಭಾದು ಒಂದು ಆಗೋದ್ರೆ ಸಾಕು’ ಅನ್ನುತ್ತಾರೆ.

ಮುಂದಿನ ಭಾನುವಾರ ಚನ್ನರಾಯಪಟ್ಟಣದವರು ಮನೆ ನೋಡಲು ಬರುತ್ತಾರೆ. ಅಮ್ಮ ಗೋಡೆಗೆ ಸುಣ್ಣ ಹೊಡೆಸಬೇಕು ಅನ್ನುತ್ತಿದ್ದಾಳೆ. ಅವರು ಬಂದಾಗ ನಾನೇ ಕೂರಿಸಿಕೊಂಡು ನಮ್ಮ ಸ್ಥಿತಿಯನ್ನು ನೆಟ್ಟಗೆ ಹೇಳಬೇಕು ಅಂತಿದ್ದೇನೆ, ರಜನೀಶ್ ಕೇಳಿಸಿಕೊಳ್ಳುವ ಹುಡುಗ, ಅರ್ಥಮಾಡಿಕೊಳ್ಳುತ್ತಾನೆ ಅಂತ ಧೈರ್ಯವಿದೆ. ನೀನು ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಪರೀಕ್ಷೆಗೆ ಓದು. ಎಣ್ಣೆ ಹಚ್ಚಿಕೋ, ಕೂದಲು ಉದುರಿದರೆ ಕೆಮಿಸ್ಟ್ರಿ ವಾಪಸು ಕೊಡುವುದಿಲ್ಲ. ಅಪ್ಪ ಅಮ್ಮ ಆಶೀರ್ವಾದ ತಿಳಿಸಿದ್ದಾರೆ, ಕಲ್ಲಮ್ಮಕ್ಕ ನಿನಗೆ ರವೆಉಂಡೆ ಕಳಿಸುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಸ್ಪೀಡ್ ಪೋಸ್ಟಿನಲ್ಲಿ ಪುಡಿಯಾಗುತ್ತದೆ ಅಂದರೆ ಕೇಳುತ್ತಿಲ್ಲ. ಆ ಗುರುಬಸವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಪ್ರತಿಭಾ

ತಾ.ಕ. ಸೋಮವಾರ ಬೆಳಗ್ಗೆ. ಅಂಟಿಸಿದ್ದ ಕವರು ಬಿಚ್ಚಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು, ಅಕ್ಷರ ಹೇಗಿದ್ದರೂ ಓದಿಕೋ. ನಿನ್ನೆ ಮಧ್ಯಾಹ್ನ ರಜನೀಶನ ಸೋದರಮಾವ ನಟರಾಜ ಅನ್ನುವವರು ಹೇಳದೆ ಕೇಳದೆ ಒಬ್ಬರೇ ಊರಿಗೆ ಬಂದಿದ್ದರು. ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಬ್ಯಾಗು. ಷಡಕ್ಷರಪ್ಪನವರ ಮನೆ ಹೇಗೆ ಅಂತ ಕೇಳಿದ್ದಾರೆ. ಸರ್ಟಿಫಿಕೇಟು ಬಂದಾಯಿತು ಅಂತ ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ. ಮೇಲಿನವರೇ ಪರಿಶೀಲನೆಗೆ ಬಂದರು ಅಂತ ಅಕ್ಕಪಕ್ಕದವರೆಲ್ಲ ಓಡಿಬಂದು ಹೇಳಿದರಂತೆ, ಒಂದೊತ್ತಿನ ಊಟಕ್ಕೂ ಕಷ್ಟ ಸಾ, ಮೈಮೇಲಿನ ಸೀರೆಯೂ ನಾವು ಕೊಟ್ಟದ್ದು ಸಾ, ಹೆಂಗಾದ್ರೂ ಮಾಡಿ ಆ ಹೆಣ್ಮಗೂಗೆ ಸಹಾಯ ಮಾಡಿ ಸಾ ಅಂತ. ಕಲ್ಲಮ್ಮಕ್ಕ ಅವರ ಕಾಲಿಗೇ ಬಿದ್ದಳಂತೆ. ಅವರು ಮನೆಗೆ ಬಂದು ಅಜ್ಜನ ಎದುರಿಗೆ ನನ್ನನ್ನು ಕೇಳಿದರು, ‘ಊರಲ್ಲಿ ಹಿಂಗಂತಾರಲ್ಲಮ್ಮ, ನಿಜವಾ?’ ಅಜ್ಜ ನನ್ನ ಮುಖ ನೋಡಿದರು, ಇಲ್ಲ ಅನ್ನು ಅನ್ನುವ ಹಾಗೆ. ಎರಡು ಹೊತ್ತೂ ಊಟ ಮಾಡುತ್ತೇವೆ, ಉಳಿದದ್ದು ಹೆಚ್ಚುಕಡಿಮೆ ನಿಜ ಅಂದೆ. ಕಾಫಿ ಕುಡಿದು ಕೈ ಮುಗಿದು ಹೋದರು. ಸಂಜೆ ಚಿಕ್ಕಮ್ಮನ ಫೋನ್ ಬಂತು, ಹುಡುಗನಿಗೆ ಒಂದು ವರ್ಷ ಮದುವೆ ಬೇಡವಂತೆ. ರಜನೀಶ್ ತಾನಾಗಿ ಫೋನ್ ಮಾಡಿಲ್ಲ. ಮಾಡುತ್ತಾನೇನೋ ಅಂತ ಫೋನನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದ್ದೆ, ನಿನ್ನ ಹತ್ತಿರ ಮುಚ್ಚಿಡುವುದೇನು. ದುಃಖವಾಗಿದೆ ಕಣೆ. ಕಲ್ಲಮ್ಮಕ್ಕನಿಗೆ ಅವರು ಯಾರು ಅಂತ ಹೇಳಿಲ್ಲ, ನೀನೂ ಹೇಳಬೇಡ, ಸತ್ತೇ ಹೋಗುತ್ತಾಳೆ. ನಾನು ಬರೆದದ್ದು ಯಾಕೆ ಅಂದರೆ, ಅಜ್ಜ ರಾತ್ರಿಯಿಂದ ಏನೂ ತಿಂದಿಲ್ಲ. ಸಂಬಂಧವೂ ಹೋಯಿತು, ಮಾನಸಾಳ ಓದೂ ಹೋಯಿತು, ಎರಡೂ ನನ್ನಿಂದಲೇ ಹೋಯಿತು ಅಂತ ಗೋಡೆ ನೋಡಿಕೊಂಡು ಕೂತಿದ್ದಾರೆ. ಓದು ಹೋಗಿಲ್ಲ, ಸರ್ಟಿಫಿಕೇಟು ಬಂದಿದೆ ಅಂತ ನಾನು ಹೇಳಿದರೆ ನಂಬುತ್ತಿಲ್ಲ. ಈ ಕಾಗದ ಸಿಕ್ಕ ಕೂಡಲೇ ಅವರಿಗೆ ಫೋನ್ ಮಾಡಿ ಸ್ಕಾಲರ್‌ಶಿಪ್ ಬಂತು ಅಜ್ಜ ಅನ್ನು. ಅದು ಬರಲು ಇನ್ನೂ ತಿಂಗಳುಗಳು ಬೇಕು, ಬರದೆಯೂ ಇರಬಹುದು ಅಂತ ನನಗೆ ಗೊತ್ತು. ಬಂತು ಅಂತಲೇ ಹೇಳು.